ಕಿಸೆಯಲ್ಲಿನ ಹಳೆಯ ಅಲಗು

ಕಿತ್ತೂರೆಂದೊಡನೆ ಶ್ರೋತೃಗಳ ಮನಸ್ಸಿಗೆ ಬರತಕ್ಕದ್ದು 1824ರ ಯುದ್ಧ, ರಾಣಿ ಚೆನ್ನಮ್ಮನ ಖಡ್ಗ. ಖಡ್ಗದ ಮಾತನ್ನು ಚರಿತ್ರಕಾರರಿಗೆ ಬಿಟ್ಟು, ಅದೇ ನಾಡಿನ ತೀರ ಸಣ್ಣ ಅಲಗುಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅಜ್ಜಂದಿರು ಬಳಸಿದ ಚಾಕು, ಅಡಕೊತ್ತುಗಳನ್ನು ಕೂಡಿಹಾಕುವ ಚಪಲ ನಮ್ಮಲ್ಲಿ ಕೆಲವರಿಗುಂಟು. ಪೆಟ್ಟಿಗೆಯಲ್ಲಿದ್ದಾಗ ಅವು ಕಣ್ಣಿಗೆ ಹಬ್ಬ. ದಿನವೂ ಜತೆಯಲ್ಲಿಟ್ಟುಕೊಂಡು ತಿರುಗಿದರೆ ಮಾತ್ರ ಬಹುಮಟ್ಟಿಗೆ ನಿರಾಶೆಯೇ ಫಲ.

ಅಡಕೊತ್ತನ್ನೇ ನೋಡೋಣ. ಅಡಿಕೆಯನ್ನು ನವಿರಾಗಿ ಸೀಳುವುದರಲ್ಲಿ ಅದಕ್ಕೆ ಸಮನಾದುದಿಲ್ಲ. ಆದರೆ ಅದು ಚಂಚಿಯ ವಸ್ತು. ಹಲವು ಅರೆಗಳ ಆ ಬಟ್ಟೆಯ ಚೀಲವನ್ನು ಸುರುಳಿ ಸುತ್ತಿ ದಾರ ಬಿಗಿದರೆ ಅಡಕೊತ್ತಿನ ಭಾರ ಮೈಗೆ ತಿಳಿಯದು. ಷರಾಯಿಯ ಕಿಸೆಗೆ ಬಿದ್ದೊಡನೆ ಅದೇ ಭಾರ ತೊಡೆಗೆ ಬಡಿಯುತ್ತದೆ. ಹಿಡಿಗಳು ಬಾಯ್ದೆರೆದು ಬಟ್ಟೆಯನ್ನು ಕಚ್ಚುತ್ತವೆ. ಕೊಡಗಿನ ಪೀಚೆಕತ್ತಿಯ ಪಾಡೂ ಇದೇ. ಕುಪ್ಯದ ಮೇಲೆ ಚೇಲೆಯನ್ನು ಬಿಗಿದವನಿಗೆ ಆ ಬೆಳ್ಳಿಗಟ್ಟಿನ ಒರೆ ಭೂಷಣ. ಚೇಲೆಯಿಲ್ಲದವನಿಗೆ ಅದನ್ನು ಸಿಕ್ಕಿಸಲು ಸ್ಥಳವೇ ಇಲ್ಲ.

ಕಿಸೆಗೆಂದೇ ಹುಟ್ಟಿದುದು ಷೆಫೀಲ್ಡಿನ ಮಡಿಚುವ ಚಾಕು. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ-ಶಿಲುಬೆಯ ಮುದ್ರೆಯನ್ನು ಕಂಡರೆ ಸಂಗ್ರಾಹಕನ ಕೈ ನಡುಗುತ್ತದೆ. ಆದರೆ ಅದರ ಸಣ್ಣ ಅಲಗು ಮೊದಲಿಗೆ ಗರಿಯ ಲೇಖನಿಯನ್ನು ಕೆತ್ತುವುದಕ್ಕಾಗಿ ಆದುದು. ‘ಪೆನ್‌ನೈಫ್’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಕಾಲೇಜಿನ ಪಾಠಕರಾದ ನಮಗೆ ಪೆನ್ಸಿಲು ಕೆತ್ತಿದರೆ ಸಾಕು, ಆ ಮಾತು ಬೇರೆ. ಗರಿಗೆ ಸಾಕಾದ ಅಲಗು ಕಬ್ಬಿಗೆ ಸಾಲದು. ಹಿಂಬದಿಯ ಕಮಾನೊಂದೇ ಅದನ್ನು ಹಿಡಿದಿರುವುದರಿಂದ, ತುದಿಯನ್ನು ಒತ್ತಿ ಚುಚ್ಚಹೋದರೆ ಬೆರಳಿನ ಮೇಲೆಯೇ ಮಡಿಯುತ್ತದೆ. ಮಾವಿನಕಾಯಿಯನ್ನು ಕೊಯ್ದರಂತೂ ಅಲಗು ಕಪ್ಪಿಡುತ್ತದೆ. ಕಾಯಿಯ ಹುಳಿ ಉಕ್ಕನ್ನು ಕರಗಿಸುತ್ತದೆ. ಅದರ ಒಗರು ಆ ಕಬ್ಬಿಣದೊಡನೆ ಕೂಡಿ ಮಸಿಯಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿಯನ್ನು ಬೆರಸಿ ಬರೆಯುವ ಮಸಿಯನ್ನು ಮಾಡಿದುದೂ ಇದೇ ಧರ್ಮದಿಂದ. 1913ರಲ್ಲಿ ಅದೇ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಕ್ರೋಮಿಯಮ್ ಬೆರೆತ, ಸುಲಭವಾಗಿ ತುಕ್ಕು ಹಿಡಿಯದ ಉಕ್ಕನ್ನು ಎರೆದನು. ಅಲ್ಲಿಂದೀಚೆಗೆ ಅಲಗನ್ನು ಒರೆಸಿಡುವ ಅಭ್ಯಾಸ ಮೆಲ್ಲಮೆಲ್ಲನೆ ನಮ್ಮ ಕೈಬಿಟ್ಟಿತು.

ಇವೆಲ್ಲ ಸಣ್ಣ ದೂರುಗಳು. ಮುಖ್ಯವಾದ ದೂರು, ಹಳೆಯ ಚಾಕು ಮೊಂಡು ಎಂಬುದು. ಮೊಂಡಾಗದೆ ಏನಾದೀತು? ಸಂಗ್ರಾಹಕನು ಅದನ್ನು ಕಲ್ಲಿಗೆ ಹಚ್ಚಲೊಲ್ಲ. ಅಲಗು ಸವೆದರೆ ಬೆಲೆ ಇಳಿಯುವುದೆಂಬ ಭಯ. ಬೈಲಹೊಂಗಲದ ಕಡೆಯ ಒಕ್ಕಲುತನದ ಮನೆಯೊಂದರಲ್ಲಿ ನಾವು ಕಂಡ ಚಾಕಿನ ಅಲಗು ಮೂರು ತಲೆಮಾರಿನ ಮಸೆತದಿಂದ ಬೇವಿನ ಎಲೆಯಷ್ಟಾಗಿ ಬಾಗಿತ್ತು. ಕೊಳ್ಳುವವರ ಲೆಕ್ಕದಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಮನೆಯಾಕೆ ಅದರಿಂದಲೇ ಉಳ್ಳಾಗಡ್ಡಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ರೊಟ್ಟಿಯ ಮಗ್ಗುಲಿಗೆ ಇಟ್ಟಳು. ಅಜ್ಜನ ಚಾಕನ್ನು ಅಜ್ಜನು ಬಿಟ್ಟುಹೋದ ಹಾಗೆಯೇ ಉಳಿಸಬೇಕು, ಅದು ಅಜ್ಜನಿಗೆ ಕೊಯ್ದಂತೆ ನಮಗೂ ಕೊಯ್ಯಬೇಕು ಎಂದರೆ ಆದೀತೆ?

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇದ್ದವುಗಳಲ್ಲಿ ಒಂದನ್ನು ಆರಿಸಿ ಧೈರ್ಯದಿಂದ ಕಲ್ಲಿಗೆ ಹಚ್ಚಬೇಕು. ಉಳಿದವು ಪೆಟ್ಟಿಗೆಯಲ್ಲಿರಲಿ. ಮಳೆಗಾಲಕ್ಕೆ ಮುನ್ನ ಅವುಗಳಿಗೆ ಎಣ್ಣೆಯ ಕೈ ಆಡಿಸಬೇಕು. ಮನೆಯಲ್ಲಿದೆಯೆಂದು ಕುಸುಬಿಯೆಣ್ಣೆಯನ್ನು ಹಚ್ಚಬಾರದು. ಅದು ಒಣಗಿ ಅಂಟಾಗಿ ಕೀಲನ್ನು ಹಿಡಿದುಬಿಡುತ್ತದೆ. ಹೊಲಿಗೆಯಂತ್ರದ ಎಣ್ಣೆ ಎರಡು ಹನಿ ಸಾಕು.