ನೋವು ಹೋಯಿತೆಂದು ಹಲ್ಲನ್ನು ಮರೆಯಬೇಡಿ
(ರೋಗಿಗಳಿಗೆ ಮತ್ತು ಜೊತೆಯಲ್ಲಿ ಬಂದವರಿಗೆ ನೀಡಿದ ಆರೋಗ್ಯ ಉಪನ್ಯಾಸ)



ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದಾಗ ವೈದ್ಯರು ಬೇರಿನ ನಾಳವನ್ನು ಶುಚಿ ಮಾಡಿ ತುಂಬುತ್ತಾರೆ. ಇದನ್ನೇ ನಾವು ರೂಟ್ ಕೆನಾಲ್ ಎನ್ನುತ್ತೇವೆ. ತುಂಬಲು ಗಟ್ಟಾಪರ್ಚಾ ಎಂಬ ರಬ್ಬರಿನಂಥ ಕಡ್ಡಿಯನ್ನೂ, ಸಂದು ಮುಚ್ಚಲು ಸೀಲರ್ ಎಂಬ ಲೇಪವನ್ನೂ ಬಳಸುತ್ತಾರೆ. ತುಂಬಿದ್ದು ಸೋರುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಪಂಕ್ಚರ್ ಹಾಕುವವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾರಲ್ಲವೇ? ಪ್ರಯೋಗಾಲಯದಲ್ಲೂ ಅಂಥದೇ ಒಂದು ಪರೀಕ್ಷೆ ಇದೆ. ಕಿತ್ತ ಹಲ್ಲಿನ ನಾಳವನ್ನು ತುಂಬಿ, ಪರೀಕ್ಷಿಸಬೇಕಾದ ತುದಿಯೊಂದನ್ನು ಬಿಟ್ಟು ಹೊರಮೈಗೆಲ್ಲ ಉಗುರುಬಣ್ಣ ಬಳಿಯುತ್ತಾರೆ. ಮೆಥಿಲೀನ್ ಬ್ಲೂ ಎಂಬ ನೀಲಿ ದ್ರವದಲ್ಲಿಟ್ಟು, ಬಳಿಕ ಹಲ್ಲನ್ನು ಉದ್ದಕ್ಕೆ ಸೀಳಿ, ನೀಲಿ ಎಷ್ಟು ಮಿಲಿಮೀಟರ್ ಒಳಗಿಳಿದಿದೆ ಎಂದು ಅಳೆಯುತ್ತಾರೆ. ಆದರೆ ಬಣ್ಣದ ಕಣ ರೋಗಾಣುವಿಗಿಂತ ಬಹಳ ಚಿಕ್ಕದು. ಅದು ನುಸುಳಿದ ಕಡೆಯೆಲ್ಲ ರೋಗಾಣು ನುಸುಳಲಾರದು. ಆದ್ದರಿಂದ ರೋಗಾಣುಗಳನ್ನೇ ಬಳಸಿಯೂ ಪರೀಕ್ಷೆ ಮಾಡುತ್ತಾರೆ.

ಅಮೆರಿಕದ ದಂತವೈದ್ಯ ತೊರಾಬಿನೆಜಾದ್ ಮತ್ತು ಸಂಗಡಿಗರು 1990ರಲ್ಲಿ ಇಂಥ ಒಂದು ಅಧ್ಯಯನ ಪ್ರಕಟಿಸಿದರು. ನಾಳ ತುಂಬಿದ, ಆದರೆ ಮೇಲ್ಭಾಗ ಮುಚ್ಚದ ಹಲ್ಲುಗಳನ್ನು ರೋಗಾಣುಗಳಿಗೆ ಒಡ್ಡಿದರು. ಒಂದು ಬಗೆಯ ರೋಗಾಣು 19 ದಿನಗಳಲ್ಲಿ ಅರ್ಧಕ್ಕೂ ಹೆಚ್ಚು ನಾಳಗಳಲ್ಲಿ ಪೂರ್ತಿ ಹರಡಿತ್ತು. ಇನ್ನೊಂದು ಬಗೆಗೆ 42 ದಿನ ಹಿಡಿಯಿತು. ಬಾಯಿಯಲ್ಲೂ ಇದೇ ಲೆಕ್ಕ ಎಂದಲ್ಲ; ಪ್ರಯೋಗಾಲಯವೇ ಬೇರೆ, ಬಾಯಿಯೇ ಬೇರೆ. ಆದರೂ ಪಾಠ ಸ್ಪಷ್ಟ: ಬೇರನ್ನು ಎಷ್ಟು ಚೆನ್ನಾಗಿ ತುಂಬಿದ್ದರೂ ಮೇಲೆ ಭದ್ರವಾದ ಮುಚ್ಚಳ ಬೇಕು.

ನಮ್ಮಲ್ಲಿ ಅನೇಕರು ಎಡವುವುದು ಇಲ್ಲೇ. “ನೋವು ಹೋಯಿತಲ್ಲ, ಇನ್ನು ಕ್ಯಾಪ್ ಯಾಕೆ? ಸುಗ್ಗಿ ಮುಗಿಯಲಿ ನೋಡೋಣ” ಎನ್ನುತ್ತಾರೆ. ನೋವು ತಿಳಿಸುವ ನರವನ್ನೇ ತೆಗೆದಿರುವುದರಿಂದ, ಒಳಗೆ ಜೊಲ್ಲು ಇಳಿದರೂ ಹಲ್ಲು ನಿಮಗೆ ಹೇಳುವುದಿಲ್ಲ. ಎಷ್ಟೋ ತಿಂಗಳ ಮೇಲೆ ಬೇರಿನ ತುದಿಯಲ್ಲಿ ಕೀವು ತುಂಬಿ ವಸಡು ಬಾತಾಗ ಗೊತ್ತಾಗಬಹುದು. ಆಗ ಚಿಕಿತ್ಸೆ ಮತ್ತೆ ಮೊದಲಿನಿಂದ, ಇಲ್ಲವೇ ಹಲ್ಲನ್ನೇ ಕೀಳಬೇಕು.

ಆದ್ದರಿಂದ ನೆನಪಿಡಿ:

1. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳ ಮಟ್ಟಿಗೆ ಮಾತ್ರ. ಹೇಳಿದ ದಿನ ತಪ್ಪದೆ ಬನ್ನಿ.

2. ಅದು ಬಿದ್ದರೆ ಅಥವಾ ಚೂರು ಕಳಚಿದರೆ ಹತ್ತಿ, ಲವಂಗ, ಹೊಗೆಸೊಪ್ಪು ತುರುಕಬೇಡಿ. ಮುಂದಿನ ತಾರೀಖಿಗೆ ಕಾಯದೆ ಬನ್ನಿ.

3. ಕೆಲಸ ಪೂರ್ತಿಯಾಗುವವರೆಗೆ ಆ ಕಡೆಯಿಂದ ಕಡಕ್ ರೊಟ್ಟಿ, ಕಡಲೆ, ಅಡಿಕೆ ಅಗಿಯಬೇಡಿ. ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡಿ.

4. ಖರ್ಚಿನ ತೊಂದರೆ ಇದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಕ್ಯಾಪ್ ತಡವಾಗುವುದಾದರೆ ಅಲ್ಲಿಯವರೆಗೆ ಗಟ್ಟಿ ಫಿಲ್ಲಿಂಗ್ ಮಾಡಬಹುದೇ ಎಂದು ಕೇಳಿ. ಹಲ್ಲನ್ನು ತೆರೆದು ಬಿಡಬೇಡಿ.

ಜೊತೆಯಲ್ಲಿ ಬಂದವರಲ್ಲಿ ಒಂದು ವಿನಂತಿ. ನೋವು ನಿಂತ ಮೇಲೆ ರೋಗಿಗೆ ತಾರೀಖು ಮರೆಯುವುದು ಸಹಜ. ಅದನ್ನು ನೆನಪಿಸಿ ಕರೆತರುವ ಹೊಣೆ ನಿಮ್ಮದಾಗಲಿ.