ಸಣ್ಣ ಉದ್ಯಮಕ್ಕೊಂದು ಎಡೆ

ಅಷ್ಟಿಷ್ಟು ಹಣವನ್ನು ಕೂಡಿಟ್ಟುಕೊಂಡು, ಸ್ವತಂತ್ರವಾಗಿ ಜೀವಿಸಬೇಕೆಂದು ಹೊರಟವನನ್ನು ಯಾವ ವ್ಯಾಪಾರವೆಂದು ಕೇಳಿ ನೋಡಿ. ಸಾಮಾನ್ಯವಾಗಿ ಅವನು ಬೀದಿಯ ಕಡೆಗೆ ಕೈ ತೋರಿಸುತ್ತಾನೆ. ಅಲ್ಲಿ ಯಾವ ಅಂಗಡಿಯಲ್ಲಿ ಗಿರಾಕಿಗಳು ಕಿಕ್ಕಿರಿದಿರುವರೋ ಅಂಥದೇ ಇನ್ನೊಂದು! ಗಿರಾಕಿಗಳು ಕಣ್ಣಿಗೆ ಕಾಣುತ್ತಾರೆ; ಅವರನ್ನು ಅಲ್ಲಿಗೆ ಕರೆತಂದ ಹತ್ತಾರು ವರ್ಷಗಳ ನಂಬಿಕೆ ಮಾತ್ರ ಕಾಣುವುದಿಲ್ಲ. ಪೈಪೋಟಿಗಿಳಿದು ಬೆಲೆಯನ್ನು ತಗ್ಗಿಸಿದರಾಯಿತೆಂಬ ಭ್ರಾಂತಿ ಬೇರೆ. ದೊಡ್ಡ ಬಂಡವಾಳಗಾರನು ವರ್ಷವೆಲ್ಲ ನಷ್ಟವನ್ನು ತಡೆದುಕೊಂಡಾನು. ಸಣ್ಣವನಿಗೆ ಮೂರನೆಯ ತಿಂಗಳಿಗೇ ಮಡದಿಯ ಬಳೆಗಳನ್ನು ಗಿರವಿಯಿಡಬೇಕಾಗಿ ಬರುತ್ತದೆ.

ಆದುದರಿಂದ ಅವನು ಹುಡುಕಬೇಕಾದುದು ಗಿರಾಕಿಗಳ ಗುಂಪನ್ನಲ್ಲ, ಇನ್ನೂ ತೀರದಿರುವ ಒಂದು ಕೊರತೆಯನ್ನು. ಅದೂ ತನ್ನ ಕೈಗೆ ಬಲ್ಲ ಕಸಬಿನಿಂದ ತೀರುವಂಥ ಕೊರತೆಯನ್ನು.

ಬೆಂಗಳೂರಿನವರಿಗೆ ಮಾವಳ್ಳಿ ಟಿಫಿನ್ ರೂಮ್ಸ್ ಪರಿಚಯವನ್ನು ನಾನು ಮಾಡಿಕೊಡಬೇಕಾದುದಿಲ್ಲ. ಉಡುಪಿಯ ಕಡೆಯಿಂದ ಬಂದ ಮೈಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟಲು ಅದು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಆ ದಿನಗಳಲ್ಲಿಯೇ ರವೆಯ ಇಡ್ಲಿ ತಮ್ಮ ಅಡಿಗೆಮನೆಯಲ್ಲಿ ಹುಟ್ಟಿತೆಂದು ಆ ಮನೆಯವರು ಹೇಳುತ್ತಾರೆ. ಹುರಿದ ರವೆ, ಮೊಸರು, ಚಿಟಿಕೆ ಸೋಡಾ, ಸಾಸಿವೆಯ ಒಗ್ಗರಣೆ. ರುಬ್ಬುವ ಶ್ರಮವಿಲ್ಲ, ರಾತ್ರಿಯೆಲ್ಲ ಹುದುಗಲು ಕಾಯುವುದಿಲ್ಲ. ಅಕ್ಕಿ ಮತ್ತೆ ಹೇರಳವಾಗಿ ಬಂದ ಮೇಲೂ ಜನ ಅದನ್ನು ಬಿಡಲಿಲ್ಲವೆಂಬುದೇ ಅದರ ಯೋಗ್ಯತೆಗೆ ಸಾಕ್ಷಿ. (ಕಾಯಿಚಟ್ನಿಯೋ ಸಾಗುವೋ ಎಂಬ ವಿವಾದಕ್ಕೆ ನಾನು ಇಳಿಯುವುದಿಲ್ಲ.)

ಇದಕ್ಕಿಂತ ವಿಚಾರಾರ್ಹವಾದುದು ಮುಂದೆ ನಡೆಯಿತು. 1975ರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಬಂದಾಗ, ಹೋಟಲಿನ ತಿಂಡಿಗಳ ಬೆಲೆಯನ್ನು ಸರಕಾರವು ಬಹಳ ಕೆಳಕ್ಕೆ ಗೊತ್ತುಮಾಡಿತು. ಆ ಬೆಲೆಗೆ ಕೊಡಬೇಕಾದರೆ ಒಂದೋ ತುಪ್ಪವನ್ನು ಕೆಡಿಸಬೇಕು, ಇಲ್ಲವೆ ಮನೆಯನ್ನು ಕೆಡಿಸಿಕೊಳ್ಳಬೇಕು. ಮೈಯರು ಎರಡನ್ನೂ ಒಲ್ಲದೆ ಹೋಟಲಿನ ಬಾಗಿಲನ್ನೇ ಮುಚ್ಚಿದರು. ಆದರೆ ಅಡಿಗೆಯವರ ಗತಿ? ಅವರ ಕೈಗೆ ಕೆಲಸವಿರಲೆಂದು ಸಾಂಬಾರಿನ ಪುಡಿ, ರವೆ ಇಡ್ಲಿಯ ಸಿದ್ಧ ಮಿಶ್ರಣ ಮೊದಲಾದವುಗಳನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸವನ್ನು ಕೈಗೆತ್ತಿಕೊಂಡರು. ರುಚಿಯನ್ನು ಬಲ್ಲ ನಾಲಗೆಯಿದ್ದು, ಹುರಿದು ಕುಟ್ಟುವ ವ್ಯವಧಾನವಿಲ್ಲದ ಸಂಸಾರಗಳು ನಗರದಲ್ಲಿ ಆಗಲೇ ಎಷ್ಟೋ ಇದ್ದುವು. ಪರಸ್ಥಳದಲ್ಲಿ ಓದುವ ಹುಡುಗರಿದ್ದರು. ಅವರ ಕೊರತೆಯನ್ನು ಯಾರೂ ಕೂಗಿ ಹೇಳಿರಲಿಲ್ಲ. ಹೋಟಲು ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರವು ಬೇರೆಯಾಗಿ ಬೆಳೆದು, 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಕಂಪನಿಯವರು ಅದನ್ನು ಕೊಂಡರು. ಹೋಟಲು ಮಾತ್ರ ಮೈಯರಲ್ಲಿಯೇ ಉಳಿಯಿತು.

ಅವರು ಹೊಸದಾಗಿ ಕಲಿತುದು ಪೊಟ್ಟಣ ಕಟ್ಟುವುದನ್ನು ಮಾತ್ರ, ಹದವು ಹಳೆಯದೇ. ಎಡೆಯನ್ನು ಹುಡುಕುವವರು ಬಹುಮಂದಿ ಇಲ್ಲಿಯೇ ಎಡವುತ್ತಾರೆ. ಕೊರತೆಯನ್ನು ಕಂಡುಹಿಡಿಯುತ್ತಾರೆ, ಅದನ್ನು ತೀರಿಸುವ ಕಸಬು ಮಾತ್ರ ಅವರಲ್ಲಿರುವುದಿಲ್ಲ.

ಎಡೆಯು ತೀರ ಇಕ್ಕಟ್ಟಾದರೂ ತೊಡಕುಂಟು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಅರಗಿನ ಕಾರ್ಖಾನೆಯು ಖಾಸಗಿ ಅಂಗಡಿಯೇನೂ ಅಲ್ಲ, ಸರಕಾರದ್ದು. ಆದರೂ ಉದಾಹರಣೆಗೆ ಒದಗುತ್ತದೆ. 1962ರ ಮಹಾ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಅದು ಒದಗಿಸುತ್ತ ಬಂದಿದೆ. ಬಣ್ಣದ ವ್ಯಾಪಾರದಲ್ಲಿ ದೊಡ್ಡ ಕಂಪನಿಗಳು ಎಷ್ಟೋ ಇವೆ. ಈ ಶಾಯಿಯಲ್ಲಿ ದೇಶದೊಳಗೆ ಅದಕ್ಕೆ ಎದುರಿಲ್ಲ. ಆದರೆ ಚುನಾವಣೆಯು ದಿನವೂ ಬರುವುದಿಲ್ಲ, ದೇಶದಲ್ಲಿ ಕೊಳ್ಳುವವರೂ ಕೆಲವರೇ. ಹೊರದೇಶಗಳ ಚುನಾವಣೆಗಳಿಗೂ ಆ ಶಾಯಿ ಹೋಗುತ್ತದೆ. ಬಣ್ಣ ತಯಾರಿಸುವುದನ್ನೂ ಕಾರ್ಖಾನೆಯವರು ಬಿಟ್ಟಿಲ್ಲ.