ಅಡಿಕೆಗೂ ಫೋನಿಗೂ ಒಂದೇ ಸುಂಕದ ಕಟ್ಟೆ

ಮಕ್ಕಳೇ, ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಹಳೆಯ ಬಸದಿ, ಗುಡಿಗಳನ್ನು ನೋಡಿದ್ದೀರಾ? ಸಾವಿರ ವರ್ಷದ ಹಿಂದೆ ಇದು ನಾಗರಖಂಡ ನಾಡಿನ ಮುಖ್ಯ ಊರು. ಹತ್ತಿರದ ಬಳ್ಳಿಗಾವೆಯಂತೂ ದೊಡ್ಡ ವ್ಯಾಪಾರದ ಪಟ್ಟಣ. ಅಲ್ಲಿನ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬರುತ್ತದೆ. ಪರದೇಶದ ಸರಕಿಗೆ ಈಗ ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿಸಿಕೊಳ್ಳುತ್ತಾರೆ.

ಸುಂಕ ಹಾಕಿದರೆ ಬೆಲೆ ಏರುತ್ತದೆ. ಇದು ಎಲ್ಲರಿಗೂ ಗೊತ್ತು. ನನಗೆ ಸೋಜಿಗವೆನಿಸುವುದು ಬೇರೆ: ಸುಂಕ ಸರಕಿನ ದಾರಿಯನ್ನೂ ತಿರುಗಿಸುತ್ತದೆ.

ಸೊರಬ, ಶಿಕಾರಿಪುರದ ಅಂಗಳಗಳಲ್ಲಿ ಅಡಿಕೆ ಕೊಯ್ಲಿನ ಕಾಲ ಬಂತೆಂದರೆ ಹಸಿ ಕಾಯಿ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಬಿಸಿಲಿಗೆ ಹರಡುತ್ತಾರೆ. ಅಗ್ಗದ ಪರದೇಶಿ ಅಡಿಕೆ ಬಂದರೆ ಮಂಡಿಯಲ್ಲಿ ಇದರ ದರ ಕುಸಿಯುತ್ತದೆ. ಅದಕ್ಕೇ ಆಮದು ಅಡಿಕೆಗೆ ನೂರಕ್ಕೆ ನೂರು ಸುಂಕ. ಸಾಲದೆಂಬಂತೆ, ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯದ್ದು ಒಳಗೆ ಬರಕೂಡದೆಂದು 2023ರ ಫೆಬ್ರವರಿಯಲ್ಲಿ ಸರ್ಕಾರ ನಿಯಮ ಮಾಡಿತು. ಒಡ್ಡು ಕಟ್ಟಿದರೆ ನೀರು ಪಕ್ಕದ ತಗ್ಗು ಹುಡುಕುತ್ತದಲ್ಲ, ಹಾಗೇ ಆಯಿತು. ಇಂಡೊನೇಷ್ಯಾದ ಅಡಿಕೆ ಸುಂಕ ವಿನಾಯಿತಿ ಇರುವ ನೆರೆದೇಶದ್ದೆಂಬ ಸುಳ್ಳು ಕಾಗದ ಹೊತ್ತು ಬಂದು ಸಿಕ್ಕಿಬಿದ್ದದ್ದುಂಟು. ಇನ್ನಷ್ಟು ‘ಹುರಿದ ಅಡಿಕೆ’ ಎಂಬ ಹೆಸರಿನಲ್ಲಿ ಬಂತು. 2025ರಲ್ಲಿ ಅದಕ್ಕೂ 351ರ ನಿಯಮ ಬಿತ್ತು.

ಇನ್ನು ಫೋನು. 2018ರಲ್ಲಿ ಭಾರತ ಆಮದು ಮೊಬೈಲಿನ ಸುಂಕವನ್ನು ನೂರಕ್ಕೆ 20ಕ್ಕೆ ಏರಿಸಿತು. ಬಿಡಿಭಾಗಗಳಿಗೆ ಅಷ್ಟಿರಲಿಲ್ಲ. ಕಂಪನಿಗಳು ಲೆಕ್ಕ ಹಾಕಿದವು: ಇಡೀ ಫೋನು ತರುವುದಕ್ಕಿಂತ ಭಾಗ ತಂದು ಇಲ್ಲೇ ಜೋಡಿಸುವುದು ಲಾಭ. ತೈವಾನಿನ ವಿಸ್ಟ್ರಾನ್ 2017ರಲ್ಲೇ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಿಸತೊಡಗಿತ್ತು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. ಈಗ ಅದು ಟಾಟಾದವರದ್ದು. ತೈವಾನಿನದೇ ಫಾಕ್ಸ್‌ಕಾನ್ ದೇವನಹಳ್ಳಿಗೆ ಬಂದಿದೆ. ಸುಂಕವೊಂದೇ ಕಾರಣವಲ್ಲ, ಸರ್ಕಾರದ ಪ್ರೋತ್ಸಾಹಧನ, ಇಲ್ಲಿನ ದೊಡ್ಡ ಮಾರುಕಟ್ಟೆ, ದುಡಿಯುವ ಕೈಗಳು ಎಲ್ಲವೂ ಸೇರಿವೆ.

ಆದರೆ ಫೋನಿನೊಳಗಿನ ಚಿಪ್ ಇಂದಿಗೂ ಬಹುಪಾಲು ಹೊರಗಿನದೇ. ಭಾಗಗಳಿಗೂ ಸುಂಕ ಏರಿಸಿದರೆ ಇಲ್ಲಿನ ಕಾರ್ಖಾನೆಗೇ ಪೆಟ್ಟು. ಹೀಗಾಗಿ 2024ರ ಜನವರಿಯಲ್ಲಿ ಹಲವು ಭಾಗಗಳ ಸುಂಕ ಇಳಿಯಿತು. ಜುಲೈನಲ್ಲಿ ಫೋನಿನದೂ 15ಕ್ಕೆ ಬಂತು.

ಸುಂಕ ಬದಲಾದರೆ ಕಂಪನಿ ಇನ್ನೊಂದು ದೇಶ ನೋಡಿಕೊಳ್ಳಬಹುದು. ಬಂದಳಿಕೆಯ ಸುತ್ತಿನ ರೈತರಿಗೆ ಆ ಅನುಕೂಲವಿಲ್ಲ. ಇಂದು ನೆಟ್ಟ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ದೆಹಲಿಯಲ್ಲಿ ಅಡಿಕೆಯ ಸುಂಕದ ಮಾತೆದ್ದ ದಿನ ನಿಮ್ಮ ಅಜ್ಜ ಪತ್ರಿಕೆಯನ್ನು ಎರಡೆರಡು ಸಲ ಓದುವುದು ಅದಕ್ಕೇ.